ತಂಗಿಯ ತರಗತಿಯಲ್ಲಿ ಅಕ್ಕ

ಅಕ್ಕನಿಗೆ ತಂಗಿಯನ್ನು ಕಂಡರೆ ಆಗುತ್ತಿರಲಿಲ್ಲ ಎಂದರೆ ತಪ್ಪಾದೀತು. ಆಗುತ್ತಿತ್ತು. ತಂಗಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲೇ ಕೂರುತ್ತಿದ್ದವಳು ಅವಳೇ. ಆದರೆ ಜ್ವರ ಇಳಿದು ತಂಗಿ ಬಾಯಿ ತೆರೆದಳೋ, ಅಕ್ಕನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ಅವಳ ಹೊಟ್ಟೆಕಿಚ್ಚೆಲ್ಲ ತಂಗಿಯ ಆ ನಾಲಿಗೆಯ ಮೇಲೆ.

ಇಬ್ಬರಿಗೂ ಭಾಷೆಯ ಹುಚ್ಚು ಹಿಡಿದದ್ದು ಚಿಕ್ಕಂದಿನಲ್ಲಿ. ಅಪ್ಪ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನು ಮನೆಗೆ ತರುತ್ತಿದ್ದ ಖಾಲಿ ಡಬ್ಬಿಗಳೊಳಗೆ ಮಡಿಸಿಟ್ಟ ಕಾಗದಗಳಿರುತ್ತಿದ್ದವು. ಒಂದೇ ಎಚ್ಚರಿಕೆ, ಐದಾರು ಭಾಷೆಗಳಲ್ಲಿ. ಅಕ್ಕ ನೆಲದ ಮೇಲೆ ಬೋರಲು ಮಲಗಿ ಸಾಲಿಗೆ ಸಾಲು ತಾಳೆ ನೋಡುತ್ತಿದ್ದಳು. ಲಂಗ ಹಾಕುವ ವಯಸ್ಸಿಗೇ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ನಾಲ್ಕು ಭಾಷೆಗಳಲ್ಲಿ ಹೇಳಬಲ್ಲವಳಾಗಿದ್ದಳು. ಅವುಗಳಲ್ಲಿ ಒಂದರಲ್ಲೂ ಕುಡಿಯಲು ನೀರು ಕೇಳಲು ಬರುತ್ತಿರಲಿಲ್ಲ, ಆ ಮಾತು ಬೇರೆ. ತಂಗಿ ಕಾಗದ ಮುಟ್ಟಿದವಳಲ್ಲ. ಬೀದಿಯಲ್ಲಿ ಕಂಡಕಂಡ ಮಕ್ಕಳ ಜೊತೆ ಆಡಿ, ಅವರವರ ಭಾಷೆಯ ಬೈಗುಳಗಳನ್ನು ಬಾಯಿ ತುಂಬ ಹೊತ್ತು ಬರುತ್ತಿದ್ದಳು. ನೆಂಟರು ಬಂದಾಗ ಅಪ್ಪ ಕರೆದು ಮಾತಾಡಿಸುತ್ತಿದ್ದದ್ದು ಅವಳನ್ನೇ. ನಮ್ಮ ಚಿಕ್ಕದರ ನಾಲಿಗೆಗೆ ಎಲುಬೇ ಇಲ್ಲ ಎಂದು ನಗುತ್ತಿದ್ದ. ಬಾಗಿಲ ಹಿಂದೆ ನಿಂತ ಅಕ್ಕ, ಹಾಗಾದರೆ ತನ್ನ ನಾಲಿಗೆಯಲ್ಲಿ ಎಷ್ಟು ಎಲುಬುಗಳಿವೆಯೋ ಎಂದುಕೊಳ್ಳುತ್ತಿದ್ದಳು.

ಅಕ್ಕ ಓದಿದಳು, ಕಣ್ಣಿಗೆ ಕನ್ನಡಕ ಬರುವವರೆಗೆ ಓದಿದಳು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಭಾಷಾಶಾಲೆಯಲ್ಲಿ ಶಿಕ್ಷಕಿಯಾದಳು. ಹೊಸ ಭಾಷೆಯಲ್ಲಿ ಮೊದಲ ವಾಕ್ಯ ಹೇಳಿದವರ ಮುಖ ನೋಡುವುದೆಂದರೆ ಅವಳಿಗೆ ಊಟ ಬಿಟ್ಟರೂ ನಡೆದೀತು. ಅಲ್ಲಿ ಅವಳು ವರ್ಷಗಟ್ಟಲೆ ನೆಮ್ಮದಿಯಾಗಿದ್ದಳು. ಅಷ್ಟರಲ್ಲಿ, ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತ ದೇಶದೇಶ ಸುತ್ತಿದ ತಂಗಿ ಮರಳಿ ಬಂದಳು. ಶಾಲೆಯನ್ನು ಕಟ್ಟಿದ ಮೇಷ್ಟ್ರು ಅವಳ ಮಾತು ಕೇಳಿ ಮರುಳಾಗಿ ಪಕ್ಕದ ಕೋಣೆ ಕೊಟ್ಟರು. ಎರಡು ಕೋಣೆಗಳ ನಡುವೆ ಇದ್ದದ್ದು ಬರೀ ಪ್ಲೈವುಡ್ ಹಲಗೆ. ಆಚೆಯಿಂದ ದಿನವೂ ನಗು ಕೇಳುತ್ತಿತ್ತು. ಅಕ್ಕನ ವಿದ್ಯಾರ್ಥಿಗಳ ಕಣ್ಣು ಪುಸ್ತಕದ ಮೇಲೆ, ಕಿವಿ ಹಲಗೆಯ ಮೇಲೆ.

ಇದನ್ನೂ ಅವಳು ಹಲ್ಲು ಕಚ್ಚಿ ಸಹಿಸಿದಳು. ಆದರೆ ಮೇಷ್ಟ್ರು ನಿವೃತ್ತರಾಗಲು ಹೊರಟರು. ಹೊಸ ಶಿಕ್ಷಕರನ್ನು ತಯಾರು ಮಾಡುವ ತಮ್ಮ ತರಗತಿಯನ್ನು ಅಕ್ಕತಂಗಿಯರಲ್ಲಿ ಒಬ್ಬರಿಗೆ ಒಪ್ಪಿಸುತ್ತೇನೆ ಎಂದರು. ಅಕ್ಕ ಬದುಕಿನಲ್ಲಿ ಬೇಕೆಂದು ಬಯಸಿದ್ದು ಅದೊಂದೇ.

ಆಯ್ಕೆಗೆ ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಸಹೋದ್ಯೋಗಿಗಳು ಬೆಂಚಿನ ಮೇಲೆ ಕೂರಬೇಕು. ಸರದಿ ಬಂದವರು ಅವರಲ್ಲಿ ಯಾರಿಗೂ ಗೊತ್ತಿಲ್ಲದ ಭಾಷೆಯೊಂದನ್ನು, ಬೇರೆ ಭಾಷೆಯ ಒಂದು ಪದವೂ ಬಳಸದೆ, ಕಲಿಸಬೇಕು. ಮೇಷ್ಟ್ರು ಹಿಂದೆ ಕೂತು ಒಂದೇ ಒಂದನ್ನು ನೋಡುತ್ತಿದ್ದರು. “ಹೇಳ್ಕೊಟ್ಟಿದ್ದನ್ನ ಗಿಳಿನೂ ಹೇಳುತ್ತೆ. ಹೇಳ್ಕೊಡದೇ ಇರೋದನ್ನ ಯಾರಾದ್ರೂ ಆ ಭಾಷೇಲೇ ಕೇಳಿದ್ರೆ, ಪಾಠ ಗೆದ್ದ ಹಾಗೆ.”

ಮೊದಲ ದಿನ ಅಕ್ಕನ ಸರದಿ. ಇಸ್ತ್ರಿ ಮಾಡಿದ ಬಟ್ಟೆಯಲ್ಲಾದರೂ ಒಂದು ಸುಕ್ಕು ಸಿಕ್ಕೀತು, ಅವಳ ಪಾಠದಲ್ಲಿ ಸಿಗಲಿಲ್ಲ. ಹೇಳಿಕೊಟ್ಟದ್ದನ್ನೆಲ್ಲ ಎಲ್ಲರೂ ತಪ್ಪಿಲ್ಲದೆ ಹೇಳಿದರು. ಯಾರೂ ಏನೂ ಕೇಳಲಿಲ್ಲ. ಅಚ್ಚುಕಟ್ಟಾಗಿತ್ತು ಎಂದಷ್ಟೇ ಹೇಳಿ ಮೇಷ್ಟ್ರು ಎದ್ದುಹೋದರು. ಆ ಹೊಗಳಿಕೆ ಅವಳಿಗೆ ಬೈಗುಳದಂತೆ ಕೇಳಿಸಿತು.

ಮರುದಿನ ಊಟವಾದ ಮೇಲೆ ತಂಗಿಯ ಸರದಿ. ಅಕ್ಕ ಬಾಯಿಗೆ ಬೀಗ ಹಾಕಿಕೊಂಡೇ ಬಂದಳು. ಉಳಿದವರು ಹೊಟ್ಟೆ ತುಂಬ ಉಂಡು ತೂಕಡಿಸುತ್ತಿದ್ದರು. ತಾನು ತುಟಿ ಪಿಟಕ್ಕೆನ್ನದಿದ್ದರೆ ಇವರಿಂದೇನೂ ಹೊರಡದು, ಆಗ ಹಿರಿತನಕ್ಕಾದರೂ ತರಗತಿ ತನ್ನದೇ ಎಂಬುದು ಅವಳ ಲೆಕ್ಕ.

ತಂಗಿ ಕೈಚೀಲದಿಂದ ಸೌಟು, ಈರುಳ್ಳಿ, ಹಗ್ಗದ ತುಂಡು ತೆಗೆದಳು. ಅವಳು ಆರಿಸಿಕೊಂಡದ್ದು ಹಡಗಿನಲ್ಲಿ ಜೊತೆಗಿದ್ದವರ ಭಾಷೆ, ಯಾವುದೋ ದ್ವೀಪದ್ದು. ಇದೇನು ಎಂದು ಕೇಳುವುದನ್ನು ಕಲಿಸಿದಳು. ಒಂದೊಂದೇ ಹೆಸರು ಹೇಳಿದಳು. ಮೇಜಿನ ಮೇಲಿದ್ದ ಬಿಸಿ ಚಹಾದ ಲೋಟ ಮುಟ್ಟಿ ಕೈ ಹಿಂದಕ್ಕೆಳೆದು, ಒಂದು ಪದವನ್ನು ಎರಡೆರಡು ಸಲ ಹೇಳಿದಳು. ಬಿಸಿಬಿಸಿ! ನಮ್ಮ ಹಾಗೆಯೇ ಅಂತಾರಲ್ಲ ಎಂದು ಅಕ್ಕನ ಮನಸ್ಸು ಕುಣಿಯಿತು. ಎಷ್ಟೋ ವರ್ಷಗಳಿಂದ ಕಲಿಸುವುದರಲ್ಲೇ ಮುಳುಗಿ ಅವಳು ಹೊಸದೊಂದು ಭಾಷೆ ಕೇಳಿರಲಿಲ್ಲ. ಮೈಯೆಲ್ಲ ಕಿವಿಯಾಯಿತು. ತುಟಿಯನ್ನು ಮಾತ್ರ ಕಚ್ಚಿಯೇ ಹಿಡಿದಳು.

ಆಗ ತಂಗಿ ಅವಳ ಬೆಂಚಿನ ಬಳಿ ಬಂದು ನಿಂತಳು. ತನ್ನ ಎದೆಯ ಮೇಲೆ ಬೆರಳಿಟ್ಟಳು, ಅಕ್ಕನ ಭುಜ ಮುಟ್ಟಿದಳು, ಮತ್ತೆ ತನ್ನೆದೆ ಮುಟ್ಟಿ ಒಂದು ಪದ ಹೇಳಿದಳು. ತಂಗಿ. ಎಲ್ಲರಿಂದಲೂ ಅದನ್ನು ಹೇಳಿಸಿದಳು. ಹೇಳಿಸಿ, ಏನೂ ಅರಿಯದವಳಂತೆ ಮತ್ತೆ ಈರುಳ್ಳಿಯ ಕಡೆ ಹೋದಳು.

ಅಕ್ಕ ಕಾದಳು. ತಂಗಿ ಹಗ್ಗ ಎತ್ತಿದಳು, ಸೌಟು ಎತ್ತಿದಳು, ಈರುಳ್ಳಿ ಎತ್ತಿದಳು. ತಂಗಿಗೆ ಜೋಡಿಯಾದ ಪದ ಬರಲಿಲ್ಲ. ಹಾಗಾದರೆ ನಾನು? ನನಗೇನಂತಾರೆ? ಕೇಳಿದರೆ ಸೋತೆ ಎಂದು ಅವಳಿಗೆ ಗೊತ್ತಿತ್ತು. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು. ಪಾಠ ಮುಗಿಸಿ ತಂಗಿ ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದಾಗ ಅಕ್ಕನ ಕೈ ತಾನಾಗಿ ಮೇಲೆದ್ದಿತು. ತನ್ನದೇ ಎದೆಯ ಮೇಲೆ ಬೆರಳಿಟ್ಟು, ಆ ದ್ವೀಪದ ಮಾತಿನಲ್ಲಿ, ಇದೇನು ಎಂದು ಕೇಳಿಬಿಟ್ಟಳು.

ತಂಗಿ ಮೆಲ್ಲಗೆ ಪದ ಹೇಳಿದಳು. ಅಕ್ಕ ಅದನ್ನು ತಿರುಗಿ ಹೇಳಿದಳು. ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಎದ್ದು ನಿಂತರು, ಅಲ್ಲಿಗೆ ತೀರ್ಮಾನವಾಯಿತು.

ಎಲ್ಲರೂ ಹೋದ ಮೇಲೆ ಅಕ್ಕ ಕಪ್ಪುಹಲಗೆ ಒರೆಸುತ್ತಿದ್ದಳು, ಅದರ ಮೇಲೆ ಏನೂ ಬರೆದಿರದಿದ್ದರೂ. ಕಣ್ಣಲ್ಲಿ ನೀರಿತ್ತು. ತಂಗಿ ಪಕ್ಕಕ್ಕೆ ಬಂದು ನಿಂತಳು.

“ನೀನು ಕೇಳೇ ಕೇಳ್ತೀಯ ಅಂತ ಗೊತ್ತಿತ್ತು ಅಕ್ಕ. ಅದಕ್ಕೇ ಅದೊಂದನ್ನ ಹೇಳ್ಕೊಡ್ಲಿಲ್ಲ.”

“ನನ್ನನ್ನ ಬಲೆಗೆ ಬೀಳಿಸಿದೆ.”

“ಹೂಂ” ಎಂದಳು ತಂಗಿ. “ಬೇರೆ ಯಾರ್ಗೂ ಅಷ್ಟು ಹಸಿವಿಲ್ಲ ಇಲ್ಲಿ.”

ಕೆನ್ನೆಗೆ ಎರಡು ಬಾರಿಸೋಣವೆನಿಸಿತು ಅಕ್ಕನಿಗೆ. ಆದರೆ ಅದಕ್ಕಿಂತ ಹೆಚ್ಚು ಉರಿಸಿದ್ದು ಬೇರೆ: ತಂಗಿ ಗೆದ್ದದ್ದು ನಾಲಿಗೆಯಿಂದಲ್ಲ. ಕೂತವರ ಹಸಿವು ಎಲ್ಲಿದೆಯೆಂದು ನೋಡಿ, ಅಲ್ಲೇ ಒಂದು ತುತ್ತು ಕಡಿಮೆ ಬಡಿಸಿದ್ದಳು. ಅಕ್ಕ ಇಷ್ಟು ವರ್ಷ ಎಲೆ ತುಂಬ ಬಡಿಸಿಯೇ ಕಳಿಸಿದ್ದಳು, ಯಾರೂ ಇನ್ನೊಮ್ಮೆ ಕೈ ಚಾಚಬೇಕಾಗದ ಹಾಗೆ. ಇದನ್ನು ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ.

ತಂಗಿಯ ಹೊಸ ತರಗತಿ ಶುರುವಾದ ದಿನ ಅಲ್ಲಿ ಎಳೆಯ ಶಿಕ್ಷಕರು ತುಂಬಿದ್ದರು. ಅಕ್ಕ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಮೊದಲ ಸಾಲಿನ ಹುಡುಗಿಯನ್ನು ಸ್ವಲ್ಪ ಸರಿದು ಕೂರಲು ಹೇಳಿದಳು.