ಹಿನ್ನೀರಿನ ದಿಬ್ಬದಲ್ಲಿ ಹಾಸಿಗೆಯವರು

ಮಾರಿಕಣಿವೆ ಜಲಾಶಯ ತುಂಬಿದ ವರ್ಷ ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ಒಂದು ದಿಬ್ಬದ ಸುತ್ತ ನೀರು ನಿಂತು ಅದು ದ್ವೀಪವಾಯಿತು. ದಿಬ್ಬದ ಒಡೆಯ ಶಿವಕುಮಾರಪ್ಪ ಅಲ್ಲಿದ್ದ ಹಳೆಯ ಕಟ್ಟಡಕ್ಕೆ ಸುಣ್ಣ ಹೊಡೆಸಿ, ಒಂಬತ್ತು ಕೋಣೆ ಮಾಡಿಸಿ, ಪೇಟೆಯಿಂದ ಬರುವವರಿಗೆ ಬಾಡಿಗೆಗೆ ಕೊಡತೊಡಗಿದರು. ಬಾಗಿಲಲ್ಲಿ ‘ಇಲ್ಲಿ ಅವಸರಕ್ಕೆ ಜಾಗವಿಲ್ಲ’ ಎಂದು ಬೋರ್ಡು. ಬಂದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಆ ಕೋಣೆಗಳಿಗೆ ಹದಿನೆಂಟು ಹತ್ತಿ ಹಾಸಿಗೆ ಮಾಡಿಕೊಡಲು ಬಂದವರು ಹೊಳಲ್ಕೆರೆಯ ಇಮಾಮ್ ಸಾಬ್ ಮತ್ತು ಅವನ ಹೆಂಡತಿ ಅಮೀನಾ ಬೀ. ಪಿಂಜಾರರು. ಮದುವೆಯಾಗಿ ಇಪ್ಪತ್ತಾರು ವರ್ಷ, ವರ್ಷಕ್ಕೆ ಏಳೆಂಟು ತಿಂಗಳು ಗೂಡ್ಸ್ ಆಟೊದಲ್ಲಿ ಹತ್ತಿ ಹಿಂಜುವ ಯಂತ್ರ ಹೇರಿಕೊಂಡು ಊರೂರು ಸುತ್ತುತ್ತಾರೆ. ಬೆನ್ನಿಗೆ ಬಣ್ಣದ ಬ್ಯಾಗು ಹಾಕಿಕೊಂಡು ಗಂಡ ಹೆಂಡತಿ ಹೀಗೆ ಸುತ್ತಿದರೆ ಅದಕ್ಕೆ ಪ್ರವಾಸ ಅನ್ನುತ್ತಾರೆ. ಹತ್ತಿ ಮೂಟೆಯ ಜೊತೆ ಸುತ್ತುವವರಿಗೆ ಆ ಮಾತನ್ನು ಯಾರೂ ಕೊಟ್ಟಿಲ್ಲ.

ಯಂತ್ರವನ್ನು ದೋಣಿಗೆ ಹತ್ತಿಸಲು ದೋಣಿಯ ಕೆಂಚಣ್ಣ ಒಪ್ಪಲಿಲ್ಲ. “ಇದು ಮುಳುಗಿದ್ರೆ ನಾನೂ ಮುಳುಗ್ತೀನಿ, ನನಗೆ ಇನ್ನೂ ಮೊಮ್ಮಗನ ಮುಖ ನೋಡೋದೈತೆ” ಅಂದ. ಹಾಗಾಗಿ ಆಟೊ ದಡದಲ್ಲೇ ಉಳಿಯಿತು. ಇಮಾಮ್ ಸಾಬ್ ಅಪ್ಪನ ಕಾಲದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ದೋಣಿ ಹತ್ತಿದ. ಬಿಲ್ಲಿನ ನರ ಮೀಟಿ ಕೈಯಲ್ಲೇ ಹಿಂಜುವ ಕೆಲಸ. ಅದರ ಮೇಲೆ ನೀರಿನ ತೇವ. ಬೆಳಿಗ್ಗೆ ಹತ್ತಕ್ಕೆ ಹತ್ತಿ ಹರವಿದರೆ ಮಧ್ಯಾಹ್ನ ಒಂದಕ್ಕೆ ಅರಳುತ್ತದೆ, ನಾಲ್ಕಕ್ಕೆ ಮತ್ತೆ ಭಾರವಾಗುತ್ತದೆ. ದಿನಕ್ಕೆ ಮೂರು ತಾಸಿನ ಕೆಲಸ, ಉಳಿದ ಹೊತ್ತು ನೀರು ನೋಡುವುದು. ಹದಿನೈದು ದಿನಕ್ಕೆ ಮುಗಿಯಬೇಕಾದ್ದು ಒಂದು ತಿಂಗಳಾಯಿತು.

ಈ ಒಂದು ತಿಂಗಳಲ್ಲಿ ಗಂಡ ದಪ್ಪಗಾದ. ಹಗಲು ಮರದ ಕೆಳಗೆ ಮಲಗಿ ಗೊರಕೆ ಹೊಡೆದ. ಎಮ್ಮೆಯಂತೆ ನೀರಿಗಿಳಿದು ಗಂಟೆಗಟ್ಟಲೆ ಕುಳಿತ. ಅಮೀನಾಗೆ ನಗು ಬರುತ್ತಿತ್ತು, ಖುಷಿಯೂ ಆಗುತ್ತಿತ್ತು. ಆದರೆ ಅವಳಿಗೆ ಊರು ಬೇಕಾಗಿತ್ತು. ಸಂತೆಮೈದಾನದ ಗದ್ದಲ, ಶಿವಮೊಗ್ಗದ ಬಸ್ಸಿನ ಹಾರ್ನು, ಬೀದಿ ನಲ್ಲಿಯ ಹತ್ತಿರದ ಜಗಳ, ಎದುರು ಮನೆಯ ದಾಕ್ಷಾಯಣಮ್ಮ ಒಲೆಯ ಮುಂದೆ ಕುಳಿತೇ ಬೀದಿಗೆಲ್ಲ ಕೇಳುವಂತೆ ಮಾತಾಡುವುದು. ಅರವತ್ತು ಕಿಲೋಮೀಟರು ದೂರದ ಊರಿಗಾಗಿ ಅಳುವುದು ನಾಚಿಕೆ ಎಂದು ಅವಳು ಈರುಳ್ಳಿ ಹೆಚ್ಚುವಾಗ ಅಳುತ್ತಿದ್ದಳು.

“ಎಷ್ಟು ಈರುಳ್ಳಿ ತಿನ್ನಿಸ್ತೀಯೇ?” ಅಂದ ಅವನು.

“ನೀರಲ್ಲಿ ಕುಂತು ಕುಂತು ಶೀತ ಹಿಡಿಬಾರ್ದು ಅಂತ.”

ಹದಿನೇಳನೆಯ ಹಾಸಿಗೆ ಮುಗಿದ ದಿನ ಅಮೀನಾ ಹಿಂದಿನ ಪಡಸಾಲೆಗೆ ಹೋದಳು. ಅಲ್ಲಿ ಗಂಡನ ಮುಂದೆ ಇಬ್ಬರು ಮಲಗುವಷ್ಟು ಅಗಲದ ಜೋಡಿ ಹಾಸಿಗೆ ಬಿದ್ದಿತ್ತು. ಒಂದು ಬದಿ ಮಾತ್ರ ಹೊಲಿಯುವುದು ಬಾಕಿ. ಬಟ್ಟೆ ಕೆಂಪು ಹೂವಿನದು, ಎರಡು ವರ್ಷದ ಹಿಂದೆ ಹಿರಿಯೂರಿನ ಅಂಗಡಿಯಲ್ಲಿ ಅವಳು ಮುಟ್ಟಿ ನೋಡಿ ಇಟ್ಟು ಬಂದ ಬಟ್ಟೆ, ಅವನು ಯಾವಾಗ ಕೊಂಡನೋ. ಊರಿಗೆಲ್ಲ ಹಾಸಿಗೆ ಮಾಡುವ ಅವರು ಒಂದು ದಿನವೂ ಸ್ವಂತ ಹಾಸಿಗೆ ಮಾಡಿಕೊಂಡವರಲ್ಲ. ರಸ್ತೆಯ ಮೇಲೆ ಕೌದಿ ಸಾಕು, ಮನೆಯಲ್ಲಿ ಇರುವುದೇ ನಾಲ್ಕು ತಿಂಗಳು.

“ಯಾರಿಗ್ರೀ ಇದು?”

ಇಮಾಮ್ ಸಾಬ್ ಸೂಜಿ ಕೆಳಗಿಟ್ಟ. “ನಮಗೇ. ಶಿವಕುಮಾರಪ್ಪೋರು ಇಲ್ಲೇ ಇದ್ಬಿಡ್ರಿ ಅಂದ್ರು. ಜಾಗ ನೋಡ್ಕಳೋ ಕೆಲಸ. ಕೋಣೆ ಕೊಡ್ತಾರೆ, ಊಟ ಐತೆ, ಸಂಬಳ ಐತೆ. ಶುಕ್ರವಾರದೊಳಗೆ ಹೇಳಿ ಅಂದವ್ರೆ.”

“ನೀವೇನಂದ್ರಿ?”

“ಹಾಸಿಗೆ ಹೊಲಿಯಾಕೆ ಕುಂತೆ.”

“ನನ್ನ ಕೇಳ್ದೆ?”

“ಕೆಂಪು ಹೂವು ನೋಡಿದ್ರೆ ನೀನು ಕೇಳೋದೇ ಇಲ್ಲ ಅಂದ್ಕಂಡೆ.”

ಅವಳು ಹಾಸಿಗೆಯ ಮೇಲೆ ಕುಳಿತಳು. ಮೆತ್ತಗಿತ್ತು. ಇಷ್ಟು ಚೆನ್ನಾಗಿ ಹಿಂಜಿದ ಹತ್ತಿಯನ್ನು ಅವನು ಯಾರಿಗೂ ತುಂಬಿರಲಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ಹೆಚ್ಚಾಯಿತು.

“ಇಲ್ಲಿ ಯಾರ ಹತ್ರ ಮಾತಾಡ್ಲಿ? ಕೊಕ್ಕರೆ ಹತ್ರವಾ?”

“ಇಲ್ಲಿ ನನ್ನ ಹೆಸರು ಯಾರೂ ಕೇಳಲ್ಲ ಅಮೀನಾ.”

ಅವಳಿಗೆ ಗೊತ್ತಿದ್ದ ಮಾತು ಅದು. ಬೇಸಿಗೆಯಲ್ಲಿ ದಾರಿಯ ಮೇಲಿನ ಒಂದು ಹಳ್ಳಿಯ ಬಸ್ ನಿಲ್ದಾಣದಲ್ಲಿ ನಾಲ್ಕು ಹುಡುಗರು ಆಟೊ ನಿಲ್ಲಿಸಿ ಹೆಸರು ಕೇಳಿದ್ದರು. ಆಧಾರ್ ಕಾರ್ಡು ಕೇಳಿದ್ದರು. ಮೂಟೆ ಕೆಡವಿ, ಹತ್ತಿಯನ್ನು ಧೂಳಿನಲ್ಲಿ ಕಾಲಿಂದ ಕೆದಕಿ, ಇನ್ನೊಂದು ಸಲ ಈ ದಾರಿಯಲ್ಲಿ ಕಾಣಬೇಡ ಅಂದಿದ್ದರು. ಯಾವ ಅಧಿಕಾರ ಅವರಿಗೆ? ಯಾವುದೂ ಇಲ್ಲ. ಅಧಿಕಾರ ಇದ್ದವರು ಆ ಹೊತ್ತು ಕಾಫಿ ಕುಡಿಯುತ್ತ ನೋಡುತ್ತಿದ್ದರು. ಮರುದಿನ ಇಮಾಮ್ ಸಾಬ್ ಆಟೊದ ಬದಿಯಲ್ಲಿ ಬರೆಸಿದ್ದ ತನ್ನ ಹೆಸರನ್ನು ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿದ. ‘ಹತ್ತಿ ಹಾಸಿಗೆ’ ಅನ್ನುವುದಷ್ಟೇ ಉಳಿಯಿತು. ಅಲ್ಲಿಂದ ಎಲ್ಲಿಗೆ ಹೋಗುವುದಿದ್ದರೂ ಸುತ್ತು ದಾರಿ ಹಿಡಿದ. ಅವಳು ನೋಡಿಯೂ ಕೇಳಿರಲಿಲ್ಲ. ಕೇಳಿದ್ದರೆ ಅವನು ಅತ್ತುಬಿಡುತ್ತಿದ್ದ.

“ಕೇಳಲ್ಲ, ನಿಜ” ಅಂದಳು ಈಗ. “ಕರೆಯೋದೂ ಇಲ್ಲ. ಬಂದೋರು ನಿಮ್ಮನ್ನ ಏನಂತಾರೆ? ‘ಹಾಸಿಗೆಯವ್ರೇ’ ಅಂತಾರೆ. ನನ್ನ ಅದೂ ಅನ್ನಲ್ಲ.”

ಅವಳು ಎದ್ದು ದಿಬ್ಬದ ತುದಿಯ ಬಂಡೆಯ ಕಡೆ ನಡೆದಳು. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅವನೂ ಹತ್ತು ಹೆಜ್ಜೆ ಹಿಂದೆ ಬಂದ. ಹೆಂಡತಿ ಸಿಟ್ಟು ಮಾಡಿಕೊಂಡು ನೀರಿನ ಕಡೆ ಹೋದರೆ ಹಿಂದೆ ಹೋಗಬೇಕು ಅನ್ನುವಷ್ಟು ಬುದ್ಧಿ ಅವನಿಗಿತ್ತು.

ದಾಕ್ಷಾಯಣಮ್ಮನಿಗೆ ಫೋನು ಹಚ್ಚಿದಳು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ.

“ಬದುಕಿದ್ದೀರೇನೇ? ಎಲ್ಲಿ ನಿನ್ನ ಗಂಡ?”

“ಇಲ್ಲೇ ಅವ್ರೆ ಅಕ್ಕ.”

“ಕೊಡು ಅವನಿಗೆ. ಇಮಾಮಣ್ಣ, ನಾಚ್ಕೆ ಆಗಲ್ವೇನಪ್ಪ ನಿಂಗೆ? ಪ್ರತಿ ವರ್ಷ ಇದೇ ಹೊತ್ತಿಗೆ ಬತ್ತೀಯ ಅಂತ ನಾನು ಎರಡೂ ಹಾಸಿಗೆ ಬಿಚ್ಚಿ, ಹತ್ತಿ ಕಿತ್ತು, ಗವುಸು ಒಗ್ದು ಇಟ್ಟೀನಿ. ಹದಿನೈದು ದಿನ ಆತು. ಮನೆ ತುಂಬ ಹತ್ತಿ. ನಮ್ಮೋರ ಮೀಸೇಲೂ ಹತ್ತಿ. ಚಾಪೆ ಮ್ಯಾಲೆ ಮಲಗಿ ನನ್ನ ಸೊಂಟ ಹೋತು.”

ಅದು ಅವರ ಬೀದಿಯ ಪದ್ಧತಿ. ಇಮಾಮ್ ಸಾಬ್ ಬರುವ ಮುಂಚೆ ಮನೆಯವರೇ ಹಾಸಿಗೆ ಬಿಚ್ಚಿ ಹತ್ತಿಗೆ ಗಾಳಿ ಆಡಿಸಿರಬೇಕು. ಅವನು ಬರುತ್ತಾನೆ ಅನ್ನುವುದರ ಮೇಲೆ ಯಾರಿಗೂ ಅನುಮಾನವಿರಲಿಲ್ಲವಾದ್ದರಿಂದ ಯಾರೂ ಅವನನ್ನು ಕೇಳಿ ಬಿಚ್ಚಿದವರಲ್ಲ.

“ಬೇರೆ ಯಾರ ಹತ್ರಾನಾದ್ರೂ ಹಿಂಜಿಸ್ಬೇಕಿತ್ತು ಅಕ್ಕ” ಅಂದ ಅವನು ಮೆಲ್ಲಗೆ.

“ಬ್ಯಾರೆಯೋರು ಹತ್ತೀಲಿ ಗಂಟು ಉಳಿಸ್ತಾರೆ. ಮಗ ಫೋಮ್ ತರ್ತೀನಿ ಅಂದ. ತಂದ್ರೆ ಅದ್ರ ಮ್ಯಾಲೆ ನೀನೇ ಮಲಗು ಅಂದೆ. ನಾನಷ್ಟೇ ಅಲ್ಲಪ್ಪ, ಮೇಲಿನ ಮನೆ ತಿಪ್ಪಕ್ಕನೂ ಬಿಚ್ಚವಳೆ. ಇಮಾಮ್ ಎಲ್ಲಿ, ಇಮಾಮ್ ಎಲ್ಲಿ ಅಂತ ದಿನಾ ನನ್ನ ಪ್ರಾಣ ತಿಂತಾಳೆ. ನೀನು ಬರ್ತೀಯೋ, ಇಲ್ಲಾ ನಾವೇ ಹತ್ತಿ ಹೊತ್ಕಂಡು ಬರಾಣೋ?”

ಇಮಾಮ್ ಸಾಬ್ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತ. ಆರು ತಿಂಗಳಿಂದ ಒರೆಸಿ ಓಡಾಡಿದ ಹೆಸರನ್ನು ಆ ಹೆಂಗಸು ಒಂದೇ ಉಸಿರಿಗೆ ಅಷ್ಟು ಸಲ ಕರೆದು ಬೈದಿದ್ದಳು. ಅಮೀನಾ ಫೋನು ಇಸಿದುಕೊಂಡು, “ಶುಕ್ರವಾರ ಅಕ್ಕ” ಅಂದು ಇಟ್ಟಳು. ಆಮೇಲೆ ಗಂಡನನ್ನು ನೋಡಿದಳು. “ಹೇಳಿದ್ದು ತಪ್ಪಾತಾ?”

“ಹೆದ್ರಿಕೆ ಹೋಗಿಲ್ಲ ಕಣೇ.”

“ನಂಗೆ ಹೋಗೈತೆ ಅಂದ್ಕಂಡ್ರಾ? ಊರಲ್ಲೇ ಇರಾಣ. ತಾಳ್ಯ, ಸಿರಿಗೆರೆ, ಸಂಜೆಗೆ ವಾಪಸ್ ಬರೋ ಅಷ್ಟು ದೂರ. ಹೆದರ್ಕಂಡೇ ಹೋಗಾಣ, ಜೊತೆಗೆ.”

ಅವನು ನೇರ ಹೋಗಿ ಶಿವಕುಮಾರಪ್ಪನವರಿಗೆ ಆಗುವುದಿಲ್ಲ ಎಂದ. ಅವರು ಬೇಸರಪಟ್ಟರು, “ಇಲ್ಲಿ ನಿಮಗೇನು ಕಡಿಮೆ ಆತು?” ಅಂದರು. “ಏನೂ ಕಡಿಮೆ ಇಲ್ಲ ಸ್ವಾಮಿ. ಬೈಯೋರಿಲ್ಲ” ಅಂದ ಇಮಾಮ್ ಸಾಬ್. ಹದಿನೆಂಟನೆಯದನ್ನು ಎರಡು ದಿನದಲ್ಲಿ ಮುಗಿಸಿದ. ಜೋಡಿ ಹಾಸಿಗೆ ಇಡಿಯಾಗಿ ದೋಣಿಗೆ ಹಿಡಿಸುವುದಿಲ್ಲ. ಗಂಡ ಹೆಂಡತಿ ಎದುರುಬದುರು ಕುಳಿತು ಹೊಲಿಗೆ ಬಿಚ್ಚಿ ಹತ್ತಿಯನ್ನು ಮೂಟೆಗೆ ತುಂಬಿದರು. ಕೆಂಪು ಹೂವಿನ ಗವುಸನ್ನು ಅಮೀನಾ ಮಡಚಿ ಸೆರಗಿನಲ್ಲಿ ಸುತ್ತಿಕೊಂಡಳು.

ಶುಕ್ರವಾರ ಬೆಳಿಗ್ಗೆ ಕೆಂಚಣ್ಣ ದಡಕ್ಕೆ ಬಿಟ್ಟ. ಆಟೊದ ಗಾಜಿನ ಮೇಲೆ ಎರಡು ಬೆರಳು ಧೂಳು. ಇಮಾಮ್ ಸಾಬ್ ಒರೆಸಿ, ಹತ್ತಿ ಕುಳಿತು, ಕೀಲಿ ತಿರುವಿದ. ಮುಂದೆ ದಾರಿ ಎರಡಾಗುತ್ತದೆ. ಹತ್ತಿರದ್ದು ಆ ಬಸ್ ನಿಲ್ದಾಣದ ಮುಂದೆ ಹೋಗುತ್ತದೆ, ಸುತ್ತಿನದು ಹೋಗುವುದಿಲ್ಲ.

“ಸುತ್ತಿ ಹೋಗಾಣ್ವಾ?” ಅಂದ.

ಅಮೀನಾ ಅವನ ಪಕ್ಕಕ್ಕೆ ಇನ್ನಷ್ಟು ಸರಿದು ಕುಳಿತಳು. “ನೀವು ಹೇಳಿದಂಗೆ.”

ಕವಲಿನಲ್ಲಿ ಅವನು ಆಟೊ ನಿಲ್ಲಿಸಿದ. ಕತ್ತು ಹೊರಗೆ ಹಾಕಿ ಬಿಸಿಲು ನೋಡಿದ.

“ಸುತ್ತಿದ್ರೆ ಮಧ್ಯಾಹ್ನ ದಾಟ್ತೈತೆ. ಇವತ್ತೇ ಹತ್ತಿ ಹರವಬೇಕು, ಆ ಯಮ್ಮನ ಸೊಂಟ ಬಾಳ ದಿನ ತಡೆಯಲ್ಲ” ಅಂದು ಹತ್ತಿರದ ದಾರಿಗೆ ತಿರುಗಿಸಿದ. ಅವಳು ತನ್ನ ಕೈಯನ್ನು ಅವನ ಮೊಣಕಾಲ ಮೇಲಿಟ್ಟಳು, ಆ ಹಳ್ಳಿ ದಾಟುವ ತನಕ ತೆಗೆಯಲಿಲ್ಲ.