ಕಡ್ಡಿ ಎಂದಾಗ ಓಗೊಟ್ಟವನು

ಪಂದ್ಯದ ಮೊದಲರ್ಧ ಮುಗಿದು, ನಾನು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಳ್ಳುತ್ತಿದ್ದೆ. ಸಹಾಯಕ ಕೋಚ್ ಗ್ಯಾಲರಿಯ ಮೆಟ್ಟಿಲು ಹಾರಿ ಹಾರಿ ಬಂದ.

"ಅಕ್ಕಾ, ಬೇಗ ಒಳಗೆ ಬನ್ನಿ. ಬಾಸು ನಿಮ್ಮ ಭಾಷೇಲೇ ಮಾತಾಡ್ತಿದಾರೆ. ನಿಲ್ಲಿಸ್ತಾನೇ ಇಲ್ಲ."

ಇವರ ಬಾಸು, ಅಂದರೆ ಮುಖ್ಯ ಕೋಚ್, ನನ್ನ ತಮ್ಮ. ಅವನು ಹಾಗೆ ಕರೆಯುವುದನ್ನು ಕೇಳಿ, ಅದೇ ನನ್ನ ಹೆಸರೆಂದುಕೊಂಡು ಈ ಪರದೇಶದ ಕ್ಲಬ್ಬಿನವರೆಲ್ಲ ನನ್ನನ್ನು ಅಕ್ಕ ಎನ್ನುತ್ತಿದ್ದರು. ನನಗಿಂತ ಹಿರಿಯರಾದ ಅಧ್ಯಕ್ಷರೂ ಅಷ್ಟೇ.

"ಬೈತಿದಾನಾ?"

"ಬೈದಿದ್ರೆ ನಮಗೇ ಗೊತ್ತಾಗ್ತಿತ್ತು. ಬೈಗುಳ ಎಲ್ಲಾ ಕಲಿಸಿದಾರೆ."

ನಗು ಬರಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. ಚಹಾ ಅಲ್ಲೇ ಬಿಟ್ಟು ಎದ್ದೆ.

ಆಡುವ ಕಾಲಕ್ಕೆ ನನ್ನ ತಮ್ಮನಿಗೆ ಕಲ್ಲುತಲೆ ಎಂದೇ ಹೆಸರು. ಚೆಂಡು ಎಷ್ಟೇ ಎತ್ತರದಿಂದ ಬರಲಿ, ಹಾರಿ ಹಣೆಯಲ್ಲಿ ಗುದ್ದಿ ಗೋಲಿಗೆ ಅಟ್ಟುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆದ. ಕರೆದ ದೇಶಕ್ಕೆಲ್ಲ ಪೆಟ್ಟಿಗೆ ಹೊತ್ತುಕೊಂಡು ಹೋದ. ಅವನ ಹೆಂಡತಿ ತೀರಿಕೊಂಡಾಗ ನಾನು ಜೊತೆಗಿರಲು ಬಂದೆ. ಸಂಜೆ ತರಗತಿಗೆ ಹೋಗಿ ಇಲ್ಲಿಯ ಮಾತನ್ನೂ ಕಲಿತೆ. "ಅಕ್ಕಾ, ಮೈದಾನ ಬಿಡಿಸಿದ್ರೆ ನಾನು ಸತ್ತ ಹಾಗೇ" ಎನ್ನುತ್ತಿದ್ದ. ಅದಕ್ಕೇ, ಅವನು ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಹಾಲು ಉಕ್ಕಲೆಂದು ಕಾಯುತ್ತ ಕೂತದ್ದನ್ನೂ ನನ್ನನ್ನು ಅಮ್ಮಾ ಎಂದು ಕರೆದದ್ದನ್ನೂ ನಾನು ಕ್ಲಬ್ಬಿನಲ್ಲಿ ಯಾರೆದುರೂ ಬಾಯಿಬಿಟ್ಟಿರಲಿಲ್ಲ.

ಆಟಗಾರರ ಕೋಣೆಯಲ್ಲಿ ಒದ್ದೆ ಕಾಲುಚೀಲದ, ನೋವಿನ ಮುಲಾಮಿನ ವಾಸನೆ. ಹುಡುಗರು ಬೆಂಚುಗಳ ಮೇಲೆ ಕಲ್ಲಿನಂತೆ ಕೂತಿದ್ದರು. ನನ್ನ ತಮ್ಮ ಬೋರ್ಡಿನ ಮುಂದೆ ನಿಂತಿದ್ದ. ಹಿಡಿದಿದ್ದ ಪೆನ್ನಿನ ಶಾಯಿ ಅಂಗೈಯಲ್ಲೆಲ್ಲ ಮೆತ್ತಿಕೊಂಡಿತ್ತು.

"ಕಡ್ಡೀ, ಗೋಲು ಬಿಟ್ಟು ಮುಂದೆ ಬರಬೇಡ್ವೋ! ಅವರ ಎಡಗಡೆಯವನು ನಿನಗೇ ಕಾಯ್ತಿದಾನೆ. ಗೂಳೀ, ಬರೀ ಗುಟುರು ಹಾಕಿದ್ರೆ ಆಗಲ್ಲ, ಓಡು. ಗೋಡೆ ಕಡೆ ಬಾಲ್ ಹೋದ್ರೆ ಬಿಟ್ಬಿಡಿ, ಚರಂಡಿಗೆ ಬೀಳುತ್ತೆ."

ಈ ಮೈದಾನಕ್ಕೆ ಗೋಡೆಯೂ ಇಲ್ಲ, ಚರಂಡಿಯೂ ಇಲ್ಲ. ಅವೆಲ್ಲ ಇದ್ದದ್ದು ಅವನು ಹುಡುಗನಾಗಿ ಆಡಿದ ನಮ್ಮೂರಿನ ಬಯಲಿನಲ್ಲಿ. ಕಡ್ಡಿ, ಗೂಳಿ ಇಬ್ಬರೂ ಆಗಿನ ಅವನ ಜೊತೆಗಾರರು. ಕಡ್ಡಿಯ ಹೆಣಕ್ಕೆ ಹೆಗಲು ಕೊಟ್ಟವನು ಇದೇ ನನ್ನ ತಮ್ಮ.

"ಏನಂತಿದಾರೆ?" ಸಹಾಯಕ ಕೇಳಿದ.

ನಿಜ ಹೇಳಿದರೆ ಇವತ್ತೇ ತಮ್ಮನ ಕೆಲಸ ಹೋಗುತ್ತದೆ.

"ಗೋಲ್‌ಕೀಪರ್ ಮುಂದೆ ಬರಬಾರದಂತೆ. ಎದುರಾಳಿಗಳ ಎಡಗಡೆಯವನ ಮೇಲೆ ಕಣ್ಣಿಡಬೇಕಂತೆ. ಇನ್ನೂ ಜೋರಾಗಿ ಓಡಬೇಕಂತೆ."

ಚರಂಡಿಯನ್ನು ನುಂಗಿಬಿಟ್ಟೆ. ಸದ್ಯ ಪಾರಾದೆ ಅಂದುಕೊಳ್ಳುವಷ್ಟರಲ್ಲಿ ನನ್ನ ತಮ್ಮ ಗೋಲ್‌ಕೀಪರ್ ಕಡೆ ತಿರುಗಿ, "ಕಡ್ಡೀ, ಕೇಳಿಸ್ತೇನೋ?" ಎಂದ.

ಆ ಪರದೇಶಿ ಹುಡುಗ ನಮ್ಮ ಭಾಷೆಯಲ್ಲೇ, "ಹ್ಞೂಂ ಅಣ್ಣಾ" ಎಂದ.

"ಗೂಳೀ?"

ಮೂಲೆಯಿಂದ ಇನ್ನೊಬ್ಬ, "ಹ್ಞೂಂ ಅಣ್ಣಾ."

ನಾನು ಬಾಗಿಲು ಹಿಡಿದುಕೊಂಡೆ. ತಮ್ಮ ಸಮಾಧಾನದಿಂದ ಬೋರ್ಡಿನ ಕಡೆ ತಿರುಗಿ ಏನೋ ಗೆರೆ ಎಳೆಯತೊಡಗಿದ.

"ಇದೇನ್ರಪ್ಪಾ ಇದು?" ಅವರ ಭಾಷೆಯಲ್ಲಿ ಪಿಸುಗುಟ್ಟಿದೆ.

"ಚಳಿಗಾಲದಿಂದ ನಾನು ಕಡ್ಡಿ" ಎಂದ ಗೋಲ್‌ಕೀಪರ್. "ಮೊದಲು ತಮಾಷೆ ಅಂದ್ಕೊಂಡ್ವಿ. ಓಗೊಡದಿದ್ರೆ ಹೆದರಿಕೊಂಡು ಕೋಣೆಯೆಲ್ಲಾ ಹುಡುಕ್ತಾರೆ. ಓಗೊಟ್ರೆ ಸುಮ್ಮನಾಗ್ತಾರೆ."

"ತಂಡ ನಾನೇ ಆರಿಸ್ತಿದೀನಿ" ಎಂದ ಸಹಾಯಕ. "ಆದ್ರೆ ಇಡೀ ವಿರಾಮ ನಿಮ್ಮ ಭಾಷೇಲೇ ಕಳೆದದ್ದು ಇವತ್ತೇ ಮೊದಲು. ಅಧ್ಯಕ್ಷರಿಗೆ ಏನೂ ಗೊತ್ತಿಲ್ಲ. ನಿಮಗೂ ಹೇಳಲಿಲ್ಲ. ಹೇಳಿದ್ರೆ ಊರಿಗೆ ಕರ್ಕೊಂಡು ಹೋಗಿಬಿಡ್ತೀರಿ ಅಂತ."

"ಡಾಕ್ಟರಿಗೆ?"

ಅವನು ಇಲ್ಲವೆಂದು ತಲೆಯಾಡಿಸಿದ. ನಾನು ಇವರಿಂದ ಮುಚ್ಚಿಟ್ಟೆ, ಇವರು ನನ್ನಿಂದ ಮುಚ್ಚಿಟ್ಟರು. ಎಲ್ಲರೂ ಸೇರಿ ಪ್ರೀತಿಯಿಂದಲೇ ಅವನನ್ನು ಚಿಕಿತ್ಸೆಯಿಲ್ಲದೆ ಕೊಳೆಹಾಕಿದ್ದೆವು.

"ಅಕ್ಕಾ, ಆ ಕಡ್ಡಿ ಈಗ ಎಲ್ಲಿದಾನೆ? ಒಂದ್ಸಲ ಬಾಸ್ ಜೊತೆ ಫೋನಲ್ಲಿ ಮಾತಾಡಿಸಿ" ಎಂದ ಗೋಲ್‌ಕೀಪರ್.

"ಅವನು ಸತ್ತು ಎಷ್ಟೋ ವರ್ಷ ಆಯ್ತು ಮಗಾ" ಎಂದೆ, ತಮ್ಮನಿಗೆ ಕೇಳಿಸದಂತೆ.

ಹುಡುಗನ ಕೈಯಿಂದ ಗ್ಲೌಸು ಜಾರಿ ಬಿತ್ತು. ಅಷ್ಟರಲ್ಲಿ ವಿರಾಮ ಮುಗಿದ ಗಂಟೆ ಹೊಡೆಯಿತು; ಹುಡುಗರು ಎದ್ದರು. ತಮ್ಮನೂ ಹೊರಟ. ನಾನು ಅವನ ತೋಳು ಹಿಡಿದೆ.

"ಇವತ್ತು ಬೇಡ ಮರಿ. ಆಸ್ಪತ್ರೆಗೆ ಹೋಗೋಣ. ನಿನ್ನ ತಲೆ ತೋರಿಸಬೇಕು."

ಅವನು ನಕ್ಕು ಹಣೆಯನ್ನು ಗೆಣ್ಣಿನಿಂದ ತಟ್ಟಿಕೊಂಡ. "ಕಲ್ಲು ಕಣಕ್ಕಾ ಇದು. ಇದಕ್ಕೇನಾಗುತ್ತೆ?"

"ಪಂದ್ಯದ ಮಧ್ಯೆ ಹೋದ್ರೆ ಅಧ್ಯಕ್ಷರು ಕೇಳ್ತಾರೆ. ಕೆಲಸ ಉಳಿಯಲ್ಲ" ಎಂದ ಸಹಾಯಕ.

"ಕೇಳಲಿ. ನಾನೇ ಹೇಳ್ತೀನಿ."

ನನ್ನ ತಮ್ಮ ಬಾಗಿಲಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನ ಕಣ್ಣಲ್ಲಿ ನಾನೆಂದೂ ಕಾಣದ ದಿಗಿಲು. "ಅಕ್ಕಾ, ಕಡ್ಡಿ ಒಬ್ಬನೇ ಆಗಿಬಿಡ್ತಾನಲ್ಲೇ..."

ಹೊರಗೆ ಹೆಜ್ಜೆಯಿಟ್ಟಿದ್ದ ಗೋಲ್‌ಕೀಪರ್ ಆ ಹೆಸರು ಕೇಳಿ ನಿಂತ. ನನ್ನ ಮುಖ ನೋಡಿದ, ತಮ್ಮನ ಮುಖ ನೋಡಿದ. ಬೈಗುಳ ಬಿಟ್ಟರೆ ನಮ್ಮ ಭಾಷೆಯಲ್ಲಿ ಅವನಿಗೆ ಗೊತ್ತಿದ್ದ ಮಾತು ಒಂದೇ.

"ಹ್ಞೂಂ ಅಣ್ಣಾ" ಎಂದ.

ತಮ್ಮನ ಬೆರಳುಗಳು ಚೌಕಟ್ಟನ್ನು ಬಿಟ್ಟವು.