ಮೊದಲ ಬಂಡಿಯಲ್ಲಿ ಒಂದು ಜಾಗ

ನಮ್ಮ ಅತ್ತೆ ವೆಲ್ಡಾಗೆ ಈ ವಯಸ್ಸಿನಲ್ಲಿ ಉಳಿದಿದ್ದು ಒಂದೇ ಆಸೆ. ಬೇಸಿಗೆಯ ಮೆರವಣಿಗೆಯಲ್ಲಿ ಮೊದಲ ಬಂಡಿ ಹತ್ತಬೇಕು. ೧೮೮೦ಕ್ಕೆ ಮುಂಚೆ ನಮ್ಮ ನೆಬ್ರಾಸ್ಕ ರಾಜ್ಯಕ್ಕೆ ಬಂದು ನೆಲೆಸಿದವರ ವಂಶಕ್ಕೆ ಮಾತ್ರ ಅದರಲ್ಲಿ ಜಾಗ. ದಾಖಲೆ ನೋಡಿ ಒಪ್ಪುವವಳು ಆ ಹಳೆಯ ವಂಶದವರ ಸಂಘದ ಕಾರ್ಯದರ್ಶಿ ಅರ್ಡಿತ್. ಅವಳು ಪ್ರತಿವರ್ಷ ಆ ಬಂಡಿಯಲ್ಲೇ ಕೂತು ಅತ್ತೆಗೆ ಕೈಬೀಸುತ್ತಾಳೆ.

ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಂಪ್ಯೂಟರಿನಲ್ಲಿ ಹಳೆಯ ಜನಗಣತಿ ತೆಗೆದೆ. ಅತ್ತೆಯ ಮುತ್ತಜ್ಜ ಅಮಾಸ್ ಬಂದ ದಾರಿಯನ್ನು ಅವನ ಮಕ್ಕಳೇ ತೋರಿಸಿದರು. ದೊಡ್ಡವನು ಹುಟ್ಟಿದ್ದು ಒಹಾಯೋದಲ್ಲಿ, ಆಮೇಲಿನವಳು ಇಂಡಿಯಾನಾದಲ್ಲಿ, ಮೂರನೆಯವಳು ಇಲಿನಾಯ್, ಚಿಕ್ಕವನು ಅಯೋವಾ.

"ಪಾಪ, ಅವನ ಹೆಂಡತಿ ಕೆಜಾಯಜ್ಜಿ! ಬಸುರಿಯಾದಾಗೆಲ್ಲ ಗಂಟುಮೂಟೆ ಕಟ್ಟಿಸಿದ್ದಾನೆ," ಎಂದೆ.

"ಗಂಡೆದೆ ಕಣೇ ಅವನದು. ಮುಖ ಯಾವಾಗಲೂ ಪಶ್ಚಿಮಕ್ಕೇ!" ಅತ್ತೆ ಬೀಗಿದರು.

೧೮೮೦ರ ಗಣತಿಯಲ್ಲಿ ನೆಬ್ರಾಸ್ಕದ ಮನೆಯಲ್ಲಿ ಕೆಜಾಯ ಮತ್ತು ಮಕ್ಕಳಿದ್ದರು. ಅಮಾಸ್ ಇರಲಿಲ್ಲ.

"ಹೊಲಕ್ಕೆ ಹೋಗಿರ್ತಾನೆ," ಎಂದರು ಅತ್ತೆ. ಅರ್ಜಿಯಲ್ಲಿ ಅವನ ಹೆಸರನ್ನು ಆಗಲೇ ದಪ್ಪಕ್ಷರದಲ್ಲಿ ಬರೆದಿದ್ದರು.

ಆಮೇಲೆ ಜಮೀನಿನ ಕಡತ ಅಂಚೆಯಲ್ಲಿ ಬಂತು. ಸರ್ಕಾರದ ಜಮೀನು ಸ್ವಂತವಾಗಬೇಕಾದರೆ ಐದು ವರ್ಷ ಅಲ್ಲೇ ವಾಸವಿರಬೇಕಿತ್ತು. ವಾಸವಿದ್ದುದಕ್ಕೆ ನೆರೆಯವರು ಸಾಕ್ಷಿ ಹೇಳಬೇಕು. ಲವೀನಾ ಎಂಬ ನೆರೆಯವಳು ಹೇಳಿದ್ದನ್ನು ನಾನು ಓದಿದೆ:

"ಇವರು ಬಂದದ್ದು ೧೮೭೮ರಲ್ಲಿ. ಗಾಳಿಯ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಗಂಡ ಮೊದಲ ಚಳಿಗಾಲಕ್ಕೇ ಒಹಾಯೋಗೆ, ತಾಯಿಯ ಮನೆಗೆ ಹೋದ. ಎರಡು ವರ್ಷ ಬಿಟ್ಟು ಬಂದ. ಹೆಂಡತಿ ಮಕ್ಕಳು ಜಾಗ ಬಿಟ್ಟು ಕದಲಲಿಲ್ಲ. ಉತ್ತವಳೂ ಅವಳೇ."

ಅತ್ತೆಯ ಮುಖ ಸಪ್ಪಗಾಯಿತು. "ಯಾರೇ ಈ ಚಾಡಿಕೋರಿ?"

"ಅರ್ಡಿತ್ ಅವರ ಮುತ್ತಜ್ಜಿ."

"ಅಂದ್ಕೊಂಡೆ! ಆ ಮನೆಯವರ ಬಾಯಿಗೆ ಬೀಗವೇ ಇಲ್ಲ. ಆ ಹಾಳೆ ತೆಗೆದುಬಿಡು."

"ಬಂದ ವರ್ಷ ಇರೋದು ಅದೊಂದರಲ್ಲೇ, ಅತ್ತೆ. ಅದಿಲ್ಲದೆ ಬಂಡಿ ಇಲ್ಲ."

ಅತ್ತೆ ಆಲೂಗಡ್ಡೆ ಸುಲಿಯಲು ಕೂತರು. ನಾನು ಮಗುವಿನ ಬಟ್ಟೆ ಮಡಿಸಿದೆ. ಅರ್ಧ ಪಾತ್ರೆ ತುಂಬಿದ ಮೇಲೆ ಕೇಳಿದರು: "ಅವನು ಓಡಿಹೋದ ಮೇಲೂ ಜಮೀನು ಹೇಗೆ ಉಳೀತು?"

"ಕೆಜಾಯಜ್ಜಿ ಅಲ್ಲೇ ಇದ್ದಳಲ್ಲ. ಸಂಸಾರ ಇದ್ದರೆ ಸಾಕಿತ್ತು."

"ಪೆನ್ನು ತಾ."

ಅಮಾಸ್‌ನ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಮೇಲೆ ಕೆಜಾಯ ಎಂದು ಇನ್ನೂ ದಪ್ಪಗೆ ಬರೆದರು.

ನಾವು ಅರ್ಜಿ ಕೊಡಲು ಹೋದಾಗ ಅರ್ಡಿತ್ ತನ್ನ ಅಡುಗೆಮನೆಯಲ್ಲಿ ಸಾಕ್ಷಿಯ ಹಾಳೆಯನ್ನು ಮತ್ತೆ ಮತ್ತೆ ಓದಿದಳು. ಅತ್ತೆ ಕಾಫಿಯ ಲೋಟವನ್ನೇ ನೋಡುತ್ತಿದ್ದರು.

"ನಮ್ಮ ಲವೀನಜ್ಜಿ ಇಷ್ಟೆಲ್ಲ ಹೇಳಿದ್ದಾಳಾ?"

"ಏನೂ ಬಿಟ್ಟಿಲ್ಲ, ಮಹಾತಾಯಿ."

"ನಿಮ್ಮವನು ವಾಪಸ್ಸಾದರೂ ಬಂದ ಕಣೇ ವೆಲ್ಡಾ," ಅರ್ಡಿತ್ ದನಿ ತಗ್ಗಿಸಿದಳು. "ಲವೀನಜ್ಜಿಯ ಗಂಡ ಹಿಮದಲ್ಲಿ ಸತ್ತ ಅಂತ ಊರಿಗೆಲ್ಲ ಭಾಷಣ ಮಾಡಿದೀನಿ. ಆಮೇಲಿನ ಒಂದು ಗಣತೀಲಿ ನೋಡಿದ್ರೆ ದೂರದ ಒರೆಗಾನ್‌ನಲ್ಲಿ ಸಿಕ್ಕ. ಇನ್ನೊಬ್ಬಳ ಜೊತೆ."

ಅತ್ತೆ ನಗು ತಡೆಯಲಾರದೆ ಕಾಫಿ ಚೆಲ್ಲಿದರು. ಅರ್ಡಿತ್‌ಗೂ ನಗು ಬಂತು. ಮೇಜು ಒರೆಸಿ ಅರ್ಜಿಗೆ ಮುದ್ರೆ ಒತ್ತಿದಳು.

"ಹೊಸಬಳು ನೀನು, ಬಿಸಿಲಿನ ಕಡೆ ಕೂರಬೇಕು."

"ಕೂರ್ತೀನಿ ಬಿಡೇ. ನನ್ನ ಟೋಪಿ ದೊಡ್ಡದು, ಹಿಂದೆ ನೀನು ಕಾಣಲ್ಲ ಅಷ್ಟೆ."